ಒಂದನೆಯ ಗೋಡೆ

ಹದಿನೇಳನೆಯ ಕಾರು ನಮ್ಮದು ಎಂದು ಬದರೀನಾಥರು ಕತ್ತು ಚಾಚಿ ಎಣಿಸಿ ಹೇಳಿದರು. ಏಳೂಕಾಲಾಗಿದ್ದರೂ ಇನ್ನೂ ಕತ್ತಲೆ. ಎಣ್ಣೆ ಉಳಿಸಬೇಕೆಂದು ಅಮೆರಿಕದ ಸರ್ಕಾರ ಚಳಿಗಾಲದ ನಟ್ಟನಡುವೆಯೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ ಮೇಲೆ ಕೆಂಡಲ್ ಪಾರ್ಕಿನ ಜನ ದೀಪ ಹಾಕಿಕೊಂಡು ತಿಂಡಿ ತಿಂದು, ಕತ್ತಲಲ್ಲೇ ಕಾರು ತೆಗೆದು, ರೂಟ್ ಟ್ವೆಂಟಿಸೆವೆನ್ನಿನ ಗ್ಯಾಸ್ ಸ್ಟೇಷನ್ನಿನ ಮುಂದೆ ಹೀಗೆ ಒಬ್ಬರ ಹಿಂದೊಬ್ಬರು ನಿಲ್ಲುತ್ತಿದ್ದರು. ಅಂದು ಶುಕ್ರವಾರ, ಹದಿನೈದನೇ ತಾರೀಕು, ಬೆಸ ನಂಬರಿನ ಕಾರುಗಳಿಗೆ ಮಾತ್ರ ಪೆಟ್ರೋಲು ಸಿಗುವ ದಿನ. ಬದರೀನಾಥರ ಕಾರಿನ ನಂಬರು ಬೆಸ, ಪಂಚಾಕ್ಷರಿಯದು ಸಮ. ಆದ್ದರಿಂದ ಇಬ್ಬರೂ ಸೇರಿ ಒಂದೇ ಕಾರಿನಲ್ಲಿ ಮಾರಿಸ್‌ಟೌನಿಗೆ ಹೋಗಿಬರುವುದು ಎಂದು ಈ ತಿಂಗಳಷ್ಟೇ ಒಪ್ಪಂದವಾಗಿತ್ತು. ಬದರೀನಾಥರು ಮೈಸೂರಿನವರು, ಔಷಧ ಕಂಪನಿಯಲ್ಲಿ ಕೆಲಸ, ಈ ದೇಶಕ್ಕೆ ಬಂದು ಹನ್ನೊಂದು ವರ್ಷ. ಯಾವ ವಿಷಯಕ್ಕಾದರೂ ಒಂದು ಸಲಹೆಯನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುವವರು. ಪಂಚಾಕ್ಷರಿ ಬಿಜಾಪುರದವನು, ಮಾರಿಸ್‌ಟೌನಿನ ಒಂದು ಕನ್ಸಲ್ಟಿಂಗ್ ಆಫೀಸಿನಲ್ಲಿ ಕಟ್ಟಡಗಳ ಭಾರ ಲೆಕ್ಕ ಹಾಕುವ ಎಂಜಿನಿಯರ್, ಬಂದು ಇನ್ನೂ ನಾಲ್ಕು ವರ್ಷ. ಅವನ ಗ್ರೀನ್ ಕಾರ್ಡಿನ ಕಾಗದಗಳು ಆ ಆಫೀಸಿನ ಸಹಿಯ ಮೇಲೆಯೇ ನಡೆಯುತ್ತಿದ್ದವು. ಬೆಳಿಗ್ಗೆ ಎದ್ದಾಗಿನಿಂದ ಅವನ ಮನಸ್ಸಿಗೆ ಏನೋ ಸರಿಯಿರಲಿಲ್ಲ. ಒಲೆ ಆರಿಸದೆ ಬಂದವನ ಹಾಗೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ನೋಡಬೇಕೆನ್ನಿಸುತ್ತಿತ್ತು, ಆದರೆ ಹೋಗಿ ನೋಡಬೇಕಾದದ್ದು ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಎಂಟು ಗಂಟೆಯ ಹೊತ್ತಿಗೆ ಅವರ ಮುಂದೆ ಆರು ಕಾರುಗಳು ಉಳಿದಾಗ ಸಾಲು ಬಲಕ್ಕೆ ಹೊರಳಿ ಪಂಪಿನ ಕಡೆ ಮುಖ ಮಾಡಿತು. ಆಗಷ್ಟೇ ಹುಟ್ಟಿದ ಸೂರ್ಯ ನೇರ ಕಣ್ಣಿಗೆ ಬಡಿದ. ಬದರೀನಾಥರು ತಮ್ಮ ಕಡೆಯ ಬಿಸಿಲುಮರೆಯನ್ನು ಕೆಳಗೆ ಎಳೆದುಕೊಂಡರು. ಪಂಚಾಕ್ಷರಿ ಎಳೆದುಕೊಳ್ಳಲಿಲ್ಲ. ಪಂಪಿನ ನೆರಳು ಕೊಳೆ ಹಿಡಿದ ಹಿಮದ ಮೇಲೆ ಉದ್ದಕ್ಕೆ ಬಿದ್ದು ತನ್ನ ಕಡೆಗೇ ಚಾಚಿಕೊಂಡಿರುವುದನ್ನು ಅವನು ಸುಮ್ಮನೆ ನೋಡುತ್ತಿದ್ದ. ನೋಡುತ್ತಿದ್ದವನಿಗೆ ಆ ಪಂಪಿನ ಜಾಗದಲ್ಲಿ ಒಂದು ತೋಳ ಕಂಡಿತು. ಹುಲ್ಲು ತುಂಬಿಸಿ ನಿಲ್ಲಿಸಿದ ತೋಳ, ಬಾಯಿ ತೆರೆದದ್ದು, ಒಂದು ಕಿವಿ ಹರಿದದ್ದು. ಆಫೀಸಿನ ಅವನ ಮೇಜಿನ ಮೇಲೆ ಎರಡು ತಿಂಗಳಿಂದ ಬಿದ್ದಿರುವ ಫೋಟೋದಲ್ಲಿನ ತೋಳ ಅದು. ಅದರ ಹಿಂದೆ ಗೋಡೆ, ಗೋಡೆಯ ನಡುವೆ ಮಿಹ್ರಾಬ್ ಎಂಬ ಪ್ರಾರ್ಥನೆಯ ಗೂಡು, ಗೂಡಿನ ಎಡಬಲಕ್ಕೆ ಒಂದೊಂದು ಕಿಟಕಿ, ಬಲಗಡೆಯ ಕಿಟಕಿಯ ಮೇಲೆ ಒಂದು ಗಡಿಯಾರ. ಗಡಿಯಾರದಲ್ಲಿ ಒಂಬತ್ತೂ ಹತ್ತು. ತೋಳದ ನೆರಳು ಕ್ಯಾಮರಾದ ಕಡೆಗೆ ಬಿದ್ದಿತ್ತು. ಅಂದರೆ ಬೆಳಗಿನ ಬಿಸಿಲು ಗೂಡಿನ ಗೋಡೆಯ ಕಿಟಕಿಯಿಂದ ಒಳಕ್ಕೆ ಬರುತ್ತಿತ್ತು. ಪಶ್ಚಿಮದ ಗೋಡೆಯಿಂದ ಬೆಳಗಿನ ಒಂಬತ್ತಕ್ಕೆ ಬಿಸಿಲು ಬರುವುದಿಲ್ಲ, ಯಾವ ದೇಶದಲ್ಲಿಯೂ ಬರುವುದಿಲ್ಲ. ಆ ಗೋಡೆ ಪಶ್ಚಿಮದ್ದೆಂದು ಬರೆದುಕೊಟ್ಟವನು ಅವನೇ.

ಯುಗೊಸ್ಲಾವಿಯಾದ ದಕ್ಷಿಣದಲ್ಲಿ ಸ್ತಾರಾ ವೋದಾ ಎಂಬ ಸಣ್ಣ ಊರು. ಪಂಚಾಕ್ಷರಿ ಆ ಊರನ್ನು ನೋಡಿರಲಿಲ್ಲ, ನೋಡುವ ಸಂಭವವೂ ಇರಲಿಲ್ಲ, ಆದರೂ ಎರಡು ತಿಂಗಳಿಂದ ಅವನು ಅದರಲ್ಲೇ ಇದ್ದ ಎನ್ನಬೇಕು. ತುರ್ಕರು ಆಳುತ್ತಿದ್ದ ಕಾಲದಲ್ಲಿ ಗಡಿ ಕಾಯುವ ಒಬ್ಬ ಸರದಾರ, ಯುದ್ಧದಿಂದ ಜೀವಂತ ಮರಳಿದ್ದಕ್ಕೋ ಏನೋ, ಅಲ್ಲೊಂದು ಮಸೀದಿ ಕಟ್ಟಿಸಿದ್ದ. ನಾನ್ನೂರು ವರ್ಷ ದಾಟಿದ ಕಟ್ಟಡ. ಒಂದು ಸಾಲು ಕಲ್ಲು, ಎರಡು ಸಾಲು ಇಟ್ಟಿಗೆ, ಮತ್ತೆ ಒಂದು ಸಾಲು ಕಲ್ಲು, ಹೀಗೆ ಏರಿದ ಚೌಕ ಕೋಣೆ. ಅದರ ನಾಲ್ಕು ಮೂಲೆಗಳಿಗೆ ಕಮಾನು ಕಟ್ಟಿ ಚೌಕವನ್ನು ಎಂಟು ಮೂಲೆ ಮಾಡಿ, ಎಂಟು ಮೂಲೆಯ ಮೇಲೆ ಗುಮ್ಮಟ ಕೂರಿಸಿದ್ದರು. ಮುಂದೆ ಮೂರು ಪುಟ್ಟ ಗುಮ್ಮಟಗಳ ಮೊಗಸಾಲೆ. ಪಕ್ಕದಲ್ಲಿ ಅರ್ಧಕ್ಕೆ ಮುರಿದ ಮಿನಾರು. ತುರ್ಕರು ಹೋದ ಮೇಲೆ ಸೈನಿಕರು ಬಂದು ಅದರಲ್ಲಿ ಮದ್ದುಗುಂಡು ಇಟ್ಟರು, ಗುಮ್ಮಟಕ್ಕೆ ಹೊದಿಸಿದ್ದ ಸೀಸದ ತಗಡನ್ನು ಕಿತ್ತು ಕರಗಿಸಿ ಗುಂಡು ಮಾಡಿಕೊಂಡರು. ಅವರೂ ಹೋದ ಮೇಲೆ ತಂಬಾಕಿನ ಮೂಟೆಗಳು ಬಂದವು. ಕೊನೆಗೆ ಯಾರೋ ಪುಣ್ಯಾತ್ಮರು ಅದನ್ನು ಮ್ಯೂಸಿಯಂ ಮಾಡಿ ಮಡಕೆ, ಮಗ್ಗ, ತೋಳ ಎಲ್ಲ ತಂದಿಟ್ಟರು. ಸುಣ್ಣದ ಕೆಳಗೆ ಹೂಬಳ್ಳಿಯ ಚಿತ್ರಗಳಿವೆಯಂತೆ, ಗೋಡೆಯೊಳಗೆ ದನಿ ಕೂಡಿಸುವುದಕ್ಕೆಂದು ಖಾಲಿ ಗಡಿಗೆಗಳನ್ನು ಹುಗಿದಿದ್ದಾರಂತೆ. ಇದನ್ನೆಲ್ಲ ಪಂಚಾಕ್ಷರಿ ಮ್ಯೂಸಿಯಮ್ಮಿನವರು ಬರೆದ ಕಾಗದಗಳಿಂದ ಓದಿ ತಿಳಿದಿದ್ದ, ಓದುತ್ತ ಓದುತ್ತ ಅದು ತನ್ನದೇ ಊರಿನ ಕಟ್ಟಡವೆಂಬಷ್ಟು ಅಕ್ಕರೆ ಅವನಿಗೆ ಹುಟ್ಟಿತ್ತು. ಹಿಂದಿನ ಅಕ್ಟೋಬರಿನಲ್ಲಿ ಅಲ್ಲಿ ಭೂಮಿ ನಡುಗಿತು. ಗೋಡೆಯ ಹೊಟ್ಟೆಯಲ್ಲಿ ಸುತ್ತಲೂ ಪಟ್ಟಿಯಂತೆ ಹುದುಗಿಸಿದ್ದ ಮರದ ತೊಲೆಗಳು ಯಾವಾಗಲೋ ಲಡ್ಡಾಗಿ ಹೋಗಿದ್ದವು. ಹಿಡಿತ ತಪ್ಪಿದ ಒಂದು ಗೋಡೆ ಮೇಲಿಂದ ಕೆಳಕ್ಕೆ ಸೀಳಿತು. ನ್ಯೂಯಾರ್ಕಿನ ಒಂದು ದತ್ತಿಸಂಸ್ಥೆ ರಿಪೇರಿಗೆ ದುಡ್ಡು ಕೊಟ್ಟು, ಸಲಹೆಯ ಕೆಲಸವನ್ನು ಮಾರಿಸ್‌ಟೌನಿನ ಆಫೀಸಿಗೆ ವಹಿಸಿತು.

ಆಫೀಸಿನಲ್ಲಿ ಆ ಕಡತ ಪಂಚಾಕ್ಷರಿಯ ಮೇಜಿಗೆ ಬಂದದ್ದು ಸುಮ್ಮನೆ ಅಲ್ಲ. ಅವನು ಇಂಟರ್‌ವ್ಯೂದ ದಿನವೇ ಮೇಲಧಿಕಾರಿ ಹಾಲೊರನ್ ಸಾಹೇಬನಿಗೆ ಗೋಳಗುಮ್ಮಟದ ಅಳತೆಯನ್ನೆಲ್ಲ ಬಾಯಿಪಾಠ ಒಪ್ಪಿಸಿದ್ದ. ಹಾಲೊರನ್ ಅದನ್ನು ಮರೆತಿರಲಿಲ್ಲ. ಪ್ಯಾನ್, ಇದು ನಿಮ್ಮ ಜನರ ಕಟ್ಟಡ, ನೀನೇ ನೋಡು ಎಂದಿದ್ದ. ಪಂಚಾಕ್ಷರಿ ಎಂಬ ಹೆಸರು ಆ ಆಫೀಸಿನಲ್ಲಿ ಯಾರ ಬಾಯಿಗೂ ಹೊರಳದೆ ಪ್ಯಾನ್ ಎಂದಾಗಿತ್ತು, ಅಂದರೆ ಬಾಣಲೆ. ಕರೆದಾಗಲೆಲ್ಲ ಅವನು ಮುಗುಳ್ನಗುತ್ತ ಎದ್ದು ಹೋಗುತ್ತಿದ್ದ. ಮಸೀದಿಗಳನ್ನು ಕಟ್ಟಿದವರು ತನ್ನ ಜನರಲ್ಲ, ತಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಎಂದು ಹೇಳಬೇಕೆನ್ನಿಸಿದರೂ ಹೇಳಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಆಫೀಸು ತನ್ನಿಂದ ಏನನ್ನೋ ಕಲಿಯಲು ಕಾದು ಕೂತಿತ್ತು, ಆ ಸುಖವನ್ನು ಕೆಡಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಸ್ತಾರಾ ವೋದಾದಿಂದ ಬಂದ ನಕಾಶೆಯಲ್ಲಿ ಗೋಡೆಗಳಿಗೆ ಹೆಸರಿರಲಿಲ್ಲ, ನಂಬರುಗಳಿದ್ದವು: ಗೂಡಿನ ಗೋಡೆ ಒಂದು, ಅದರ ಎಡಗಡೆಯದು ಎರಡು, ಹೀಗೆ. ಫೋಟೋಗಳೆಲ್ಲ ಭೂಕಂಪಕ್ಕೆ ಮುಂಚಿನವು. ಭೂಕಂಪವಾದ ಮೇಲೆ ಬಂದದ್ದು ಬರೀ ಒಂದು ಕಾಗದ. ಅದರಲ್ಲಿ ನಂಬರು ಇರಲಿಲ್ಲ, ದಕ್ಷಿಣದ ಗೋಡೆ ಸೀಳಿದೆ ಎಂದಿತ್ತು. ದಿಕ್ಕು ತೋರಿಸುವ ಹಾಳೆ ಟಪಾಲಿನಲ್ಲೆಲ್ಲೋ ತಪ್ಪಿಹೋಗಿತ್ತು. ಒಂದು ಟೆಲೆಕ್ಸ್ ಹೊಡೆದು ಕೇಳೋಣವೇ ಎಂದು ಹಾಲೊರನ್ ಕೇಳಿದ. ಬೇಕಾಗಿಲ್ಲ, ಮಸೀದಿಯ ಗೂಡು ಯಾವಾಗಲೂ ಪಶ್ಚಿಮಕ್ಕಿರುತ್ತದೆ, ನಾನು ಅವುಗಳ ನಡುವೆಯೇ ಬೆಳೆದವನು ಎಂದು ಪಂಚಾಕ್ಷರಿ ಹೇಳಿದ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಎಡಗೈ ದಕ್ಷಿಣ. ಹಾಗಾಗಿ ಸೀಳಿದ್ದು ಎರಡನೆಯ ಗೋಡೆ. ಅದಕ್ಕೆ ಮರದ ಆಸರೆ ಕೊಡಿ. ಒಂದನೆಯದು ಗಟ್ಟಿ, ಅದರಲ್ಲಿ ಎರಡು ಕಡೆ ಆಳವಾಗಿ ಕೊರೆದು ಕಬ್ಬಿಣದ ಸರಳು ಬಿಗಿಯಿರಿ ಎಂದು ಅವನು ಬರೆದು ಕಳಿಸಿದ. ಬಲಗೈಯಲ್ಲಿ ಉಣ್ಣುವುದು ಎಷ್ಟು ಗೊತ್ತೋ ಪಶ್ಚಿಮ ಅವನಿಗೆ ಅಷ್ಟೇ ಗೊತ್ತಿತ್ತು. ಗೂಡು ತೋರಿಸುವುದು ಮೆಕ್ಕಾದ ದಿಕ್ಕನ್ನು, ಮೆಕ್ಕಾ ಬಿಜಾಪುರಕ್ಕೆ ಪಶ್ಚಿಮ, ಸ್ತಾರಾ ವೋದಾಕ್ಕಲ್ಲ ಎನ್ನುವುದು ಭೂಗೋಳ ಓದಿದ ಯಾವ ಹುಡುಗನಿಗಾದರೂ ಹೊಳೆಯುತ್ತಿತ್ತು.

ಅದು ಸಾಲದು ಎಂಬಂತೆ ಎರಡು ವಾರದ ಹಿಂದೆ ಅಲ್ಲಿಂದ ಒಂದು ಪ್ರಶ್ನೆ ಬಂದಿತ್ತು. ನಮ್ಮ ಮೇಸ್ತ್ರಿ ಕೇಳುತ್ತಿದ್ದಾನೆ, ಕೊರೆಯಬೇಕಾದದ್ದು ಒಂದನೆಯ ಗೋಡೆಯೇ, ದಯವಿಟ್ಟು ದೃಢಪಡಿಸಿ. ಆಗ ಪಂಚಾಕ್ಷರಿ ಊಟದ ಡಬ್ಬಿ ಬಿಚ್ಚುತ್ತಿದ್ದ. ಯಾರೋ ಹಳ್ಳಿಯ ಗೌಂಡಿ ತನ್ನ ಲೆಕ್ಕವನ್ನು ಅನುಮಾನಿಸುತ್ತಿದ್ದಾನೆಂದು ಅವನಿಗೆ ನಗು ಬಂದಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. ಡಬ್ಬಿ ಮುಚ್ಚದೆಯೇ ಚೀಟಿಯ ಮೇಲೆ ಮೂರು ಪದ ಗೀಚಿ ಹಾಲೊರನ್‌ನ ಸಹಿಗೆ ಕಳಿಸಿದ. ಒಂದನೆಯ ಗೋಡೆ, ದೃಢ.

"ಯಾಕ್ರೀ, ಮೈಗೆ ಹುಷಾರಿಲ್ವಾ?" ಎಂದು ಬದರೀನಾಥರು ಕೇಳಿದರು. ಟ್ಯಾಂಕು ತುಂಬಿಸಿ ಟೂ ಎಯ್ಟಿಸೆವೆನ್ ಹೆದ್ದಾರಿ ಹಿಡಿದಾಗಿತ್ತು. ಸೂರ್ಯ ಈಗ ಬಲಗಡೆ, ಪಂಚಾಕ್ಷರಿಯ ಕೆನ್ನೆಯ ಮೇಲೆ.

"ಒಂದು ತಪ್ಪು ಮಾಡೀನ್ರಿ," ಎಂದ ಪಂಚಾಕ್ಷರಿ. "ದೊಡ್ಡ ತಪ್ಪು. ಆ ಮಸೂತಿ ಕೆಲಸ ಹೇಳಿದ್ನಲ್ರಿ, ಅದರಾಗ ಗ್ವಾಡಿನ ತಪ್ಪಿ ಹೇಳೀನಿ. ಸೀಳಿದ ಗ್ವಾಡಿನ ಕೊರೀರಿ ಅಂತ ಬರದು ಕಳಿಸೀನಿ."

ಬದರೀನಾಥರು ಪೂರ್ತಿ ಕೇಳಿಸಿಕೊಂಡರು. "ಮೆಕ್ಕಾ ಪಶ್ಚಿಮಕ್ಕೆ ತಾನೆ ಇರೋದು?" ಎಂದರು.

"ನಮಗ ಪಶ್ಚಿಮ್ರಿ. ಅವರಿಗೆ ದಕ್ಷಿಣ, ಒಂಚೂರು ಪೂರ್ವ."

"ಹೌದಲ್ವಾ," ಎಂದು ಬದರೀನಾಥರು ಒಂದು ಕ್ಷಣ ತಾವೂ ಪೆಚ್ಚಾದರು. ಆಮೇಲೆ ಚೇತರಿಸಿಕೊಂಡು, "ನೋಡಿ ಪಂಚಾಕ್ಷರಿ, ನಾನು ಹೇಳೋದು ಕೇಳಿ. ಗ್ರೀನ್ ಕಾರ್ಡ್ ಕೈಗೆ ಬರೋವರ್ಗೂ ನೀವು ಬಾಯಿಬಿಟ್ಟು ತಪ್ಪಾಯ್ತು ಅಂತ ಎಲ್ಲೂ ಅನ್ಬೇಡಿ. ಈ ಎಕಾನಮೀಲಿ ಮನೆಗೆ ಕಳಿಸೋಕೆ ಇವರಿಗೆ ಒಂದು ನೆಪ ಸಾಕು. ನಿಮ್ಮ ಬಾಸ್ ಎಲ್ಲಿ?"

"ಪೆನ್ಸಿಲ್ವೇನಿಯಾಕ್ಕ ಹೋಗ್ಯಾನ. ಸೋಮವಾರ ಬರ್ತಾನ."

"ಮತ್ತಿನ್ನೇನು. ಸೋಮವಾರ ಮೆಲ್ಲಗೆ ಹೇಳಿ, ಐ ವಾಂಟ್ ಟು ಡಬಲ್ ಚೆಕ್ ಅಂತ. ಎರಡು ದಿನದಲ್ಲಿ ಏನು ಮುಳುಗಿಹೋಗಲ್ಲ. ನಾನ್ನೂರು ವರ್ಷ ನಿಂತಿದ್ದು ಸೋಮವಾರದವರೆಗೆ ನಿಲ್ಲಲ್ವೇ?"

ಆ ಮಾತು ಪಂಚಾಕ್ಷರಿಗೆ ಹಿತವಾಗಿತ್ತು, ಹಿತವಾಯಿತೆಂದೇ ಅವನಿಗೆ ನಾಚಿಕೆಯಾಯಿತು. ಕಿಟಕಿಯಾಚೆ ಹಿಮ ಹೊದ್ದ ಗೋದಾಮುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬಿಜಾಪುರದಲ್ಲಿ ಅಪ್ಪ ಕಾರಕೂನನಾಗಿದ್ದ ಸರ್ಕಾರಿ ಕಚೇರಿಯೂ ಒಂದಾನೊಂದು ಕಾಲದಲ್ಲಿ ಮಸೀದಿಯಾಗಿತ್ತು. ಬ್ರಿಟಿಷರ ಕಾಲದಲ್ಲೇ ಅದನ್ನು ಕಚೇರಿ ಮಾಡಿ, ಕಮಾನುಗಳಿಗೆ ಹಲಗೆ ಬಡಿದು ಕೋಣೆಗಳನ್ನು ಮಾಡಿದ್ದರು. ಗೂಡಿನ ಕಲ್ಲು ಬೇಸಿಗೆಯಲ್ಲೂ ತಣ್ಣಗಿರುತ್ತದೆಂದು ಅಪ್ಪ ಅದರೊಳಗೇ ಕುರ್ಚಿ ಹಾಕಿಸಿಕೊಂಡು, ಬೆನ್ನನ್ನು ಪಶ್ಚಿಮಕ್ಕೆ ಕೊಟ್ಟು ಕೂತಿರುತ್ತಿದ್ದ. ಗೂಡಿನ ನಡುವೆ ಒಂದು ಮೊಳೆ ಹೊಡೆದು ಛತ್ರಿ ನೇತುಹಾಕಿದ್ದ. ಶುಕ್ರವಾರಗಳಂದು, ಹಿಂದೆ ಟಾಂಗಾ ಓಡಿಸುತ್ತಿದ್ದ ದಸ್ತಗೀರಸಾಬನೆಂಬ ಮುದುಕ ಬಂದು ಹೊರಗೆ ರಸ್ತೆಯಲ್ಲಿ, ತೆರೆದ ಬಾಗಿಲಿಗೆ ನೇರವಾಗಿ, ಐದು ನಿಮಿಷ ಸುಮ್ಮನೆ ನಿಂತು ಹೋಗುತ್ತಿದ್ದ. ಒಳಗೆ ಬಾ ಎಂದು ಯಾರೂ ಕರೆಯುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಪಂಚಾಕ್ಷರಿ ಆಗ ಇಂಟರ್ ಓದುತ್ತಿದ್ದ, ಅಪ್ಪನ ಬುತ್ತಿ ತರುವುದು ಅವನ ಕೆಲಸ. ಒಂದು ಶುಕ್ರವಾರ ಮುದುಕ ಅವನನ್ನು ತಡೆದು, "ಕಾಬಾ ಅಲ್ಲಿ ಅದ ನೋಡಪ್ಪಾ, ಹೊತ್ತು ಮುಣುಗೂ ಕಡೆ," ಎಂದು ಬಾಗಿಲ ಒಳಗೆ ಬೆರಳು ತೋರಿಸಿದ್ದ. "ನಿಮ್ಮಪ್ಪಗ ಒಂದ್ ಮಾತ್ ಹೇಳ್ತಿಯೇನು? ಶುಕ್ರಾರ ಅಷ್ಟ ಆ ಛತ್ರಿ ತಗದು ಬ್ಯಾರೆ ಕಡೆ ಇಡ್ರಿ ಅಂತ. ಕುರ್ಚಿ ಇರಲಿ. ಛತ್ರಿ ಅಷ್ಟ."

"ಹೇಳ್ತೀನಿ," ಎಂದಿದ್ದ ಪಂಚಾಕ್ಷರಿ. ಹೇಳಲಿಲ್ಲ. ಅಪ್ಪನ ಸಿಟ್ಟಿಗೆ ಹೆದರಿ ಎನ್ನುವುದು ಅರ್ಧ ನಿಜ. ಇನ್ನರ್ಧ ಏನೆಂದರೆ, ಹೇಳದಿದ್ದರೂ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮುಂದಿನ ಶುಕ್ರವಾರ ಮುದುಕ ಬಂದ, ಛತ್ರಿ ನೋಡಿದ, ಪಂಚಾಕ್ಷರಿಯನ್ನೂ ಒಂದು ಸಲ ನೋಡಿದ. ಮತ್ತೆಂದೂ ಕೇಳಲಿಲ್ಲ.

ಆಫೀಸು ತಲುಪಿದಾಗ ಒಂಬತ್ತು. ಸ್ತಾರಾ ವೋದಾದಲ್ಲಿ ಮಧ್ಯಾಹ್ನ ಎರಡು. ಅಲ್ಲಿಯ ಕಚೇರಿಗಳು ಮೂರಕ್ಕೆ ಮುಚ್ಚುತ್ತವೆಂದು ಮ್ಯೂಸಿಯಮ್ಮಿನವರು ಮೊದಲ ಕಾಗದದಲ್ಲೇ ಬರೆದಿದ್ದರು, ಪಂಚಾಕ್ಷರಿ ಅದನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಯೂ ಇಟ್ಟಿದ್ದ. ಅಂದರೆ ಅವನ ಕೈಯಲ್ಲಿ ಒಂದು ಗಂಟೆ ಇತ್ತು. ಆ ಒಂದು ಗಂಟೆಯನ್ನು ತಾನು ಹೇಗೆ ಕಳೆದೆ ಎಂದು ಆಮೇಲೆ ಲೆಕ್ಕ ಹಾಕಿದಾಗ ಅವನಿಗೆ ಪ್ರತಿಯೊಂದು ನಿಮಿಷವೂ ಸ್ಪಷ್ಟವಾಗಿ ನೆನಪಿತ್ತು. ಮೊದಲು ಕೋಟು ತೆಗೆದು ತೂಗುಹಾಕಿದ. ಫೋಟೋ ತೆಗೆದು ನೋಡಿದ. ತೋಳದ ನೆರಳು ಇದ್ದಲ್ಲೇ ಇತ್ತು. ಇಷ್ಟಾದರೂ ನಂಬಿಕೆ ಬರದೆ ಪಾರ್ಸೆಲ್ಲಿಗೆ ಕಟ್ಟುವ ದಾರದ ತುಂಡು ಹಿಡಿದು ಮುಂಗೋಣೆಗೆ ಹೋದ. ಅಲ್ಲಿ ಬಂದವರು ನೋಡಲೆಂದು ಒಂದು ದೊಡ್ಡ ಗ್ಲೋಬು ಇಟ್ಟಿದ್ದರು. ದಾರದ ಒಂದು ತುದಿಯನ್ನು ಮೆಕ್ಕಾದ ಮೇಲೆ ಹೆಬ್ಬೆರಳಿಂದ ಒತ್ತಿ, ಇನ್ನೊಂದನ್ನು ಬಿಜಾಪುರದ ಅಂದಾಜಿಗೆ ಎಳೆದ. ದಾರ ಪಶ್ಚಿಮಕ್ಕೆ ಹೋಯಿತು. ಯುಗೊಸ್ಲಾವಿಯಾಕ್ಕೆ ಎಳೆದ. ದಾರ ಕೆಳಗಿಳಿದು ಬಲಕ್ಕೆ ಓರೆಯಾಯಿತು. ಸುಮ್ಮನೆ ಮಾರಿಸ್‌ಟೌನಿಗೂ ಎಳೆದು ನೋಡಿದ. ದಾರ ಸಾಗರವನ್ನು ಹಾದು ಈಶಾನ್ಯಕ್ಕೆ ಹೋಯಿತು. ಎಲ್ಲಿ ನಿಂತರೂ ಪಶ್ಚಿಮ ಪಶ್ಚಿಮವೇ, ಆದರೆ ಎಲ್ಲಿ ನಿಂತರೆ ಅಲ್ಲಿಂದ ಮೆಕ್ಕಾ ಬೇರೆ ಕಡೆ. ಇಷ್ಟು ಸಣ್ಣ ಸಂಗತಿ. ವೆಕೇಷನ್ನಿಗೆ ಎಲ್ಲಿಗೆ ಹೊರಟೆ ಪ್ಯಾನ್ ಎಂದು ಯಾರೋ ಹಿಂದಿನಿಂದ ಕೇಳಿದರು. ಅವನು ನಕ್ಕು ದಾರವನ್ನು ಜೇಬಿಗೆ ತುರುಕಿದ.

ಒಂಬತ್ತೂ ಇಪ್ಪತ್ತಕ್ಕೆ ಮೇಜಿಗೆ ಬಂದು ಟೆಲೆಕ್ಸಿನ ಫಾರಂ ಮುಂದಿಟ್ಟುಕೊಂಡ. ಗೋಡೆ ಒಂದರ ಕೆಲಸ ನಿಲ್ಲಿಸಿ ಎಂದು ಬರೆದರೆ ಮುಗಿಯುತ್ತಿತ್ತು. ಬರೆದ. ಏಕೆ ಎಂದು ಕೇಳಿದರೆ? ನನ್ನ ತಪ್ಪಿನಿಂದ ಎಂದು ಸೇರಿಸಿದ. ಆ ಪದ ಕಾಗದದ ಮೇಲೆ ಕೂತದ್ದು ನೋಡಿ ಅವನಿಗೆ ಭಯವಾಯಿತು, ಹೊಡೆದುಹಾಕಿದ. ಎರಡನೆಯ ಫಾರಮ್ಮಿನಲ್ಲಿ ಮರುಪರಿಶೀಲನೆಯ ಸಲುವಾಗಿ ಎಂದು ಬರೆದ. ಮೂರನೆಯದರಲ್ಲಿ ಹೊಸ ಮಾಹಿತಿ ದೊರೆತಿರುವುದರಿಂದ ಎಂದು ಬರೆದ, ಅದು ಅಪ್ಪಟ ಸುಳ್ಳಾಗಿತ್ತು, ಓದುವುದಕ್ಕೆ ಮಾತ್ರ ಎಲ್ಲಕ್ಕಿಂತ ಚೆನ್ನಾಗಿತ್ತು. ಎದ್ದು ಹೋಗಿ ಮುಖ ತೊಳೆದು ಬಂದ. ಪೆನ್ಸಿಲ್ ಚೂಪು ಮಾಡಿದ. ಹೆಂಡತಿ ಶೈಲಾಳಿಗೆ ಈಗಷ್ಟೇ ಮನೆಯ ಮೇಲೆ ಮಮತೆ ಬಂದಿತ್ತು, ಹಿಂದಿನ ಅಂಗಳದಲ್ಲಿ ಬೇಸಿಗೆಗೆ ಮೆಂತ್ಯೆ ಹಾಕುವ ಮಾತಾಡುತ್ತಿದ್ದಳು. ಮಗಳು ವಿಜಿಗೆ ಕಿಂಡರ್‌ಗಾರ್ಟನ್ನಿನಲ್ಲಿ ಗೆಳತಿಯರಾಗಿದ್ದರು. ಇದನ್ನೆಲ್ಲ ಒಂದು ಟೆಲೆಕ್ಸಿನ ಎದುರಿಗಿಟ್ಟು ತೂಗಿದ. ಯಾರೋ ಕಟ್ಟಿದ್ದು, ಯಾರೋ ಬಿಟ್ಟುಹೋದದ್ದು, ಪ್ರಾರ್ಥನೆಯೂ ಇಲ್ಲದ, ತೋಳ ನಿಂತ ಕಟ್ಟಡ. ಹಾಗೆಂದುಕೊಂಡ ತಕ್ಷಣ ಆ ಗೋಡೆಯ ಕೆಳಗೆ ಉಳಿ ಹಿಡಿದು ಕೂತ ಯಾರದೋ ಬೆನ್ನು ಕಣ್ಣಿಗೆ ಬಂತು. ಮುಖ ಕಾಣಲಿಲ್ಲ, ಬೆನ್ನು ಮಾತ್ರ, ಮತ್ತು ಅದರ ಮೇಲೆ ಹದಿನಾಲ್ಕು ಗಜದ ಗುಮ್ಮಟ. ಅವನು ಮೊದಲನೆಯ ಫಾರಮ್ಮನ್ನೇ ಎತ್ತಿಕೊಂಡು, ಹೊಡೆದುಹಾಕಿದ ಪದವನ್ನು ಮತ್ತೆ ಬರೆದು ಎದ್ದ. ಆಗ ಹತ್ತೂ ಹದಿನೈದು.

ಟೆಲೆಕ್ಸ್ ಯಂತ್ರ ನೋಡಿಕೊಳ್ಳುವ ಡೊಲೊರೆಸ್ ಫಾರಮ್ಮನ್ನು ಮೇಲಿಂದ ಕೆಳಗೆ ನೋಡಿ, ಹಾಲೊರನ್‌ನ ಸಹಿ ಎಲ್ಲಿ ಎಂದಳು. ಹೊರದೇಶಕ್ಕೆ ಹೋಗುವ ಯಾವ ಟೆಲೆಕ್ಸಿಗೂ ಅವನ ಸಹಿ ಬೇಕು.

"ನನ್ನ ಸಹಿ ಇದೆ," ಎಂದ ಪಂಚಾಕ್ಷರಿ.

"ಅದು ಕಾಣುತ್ತಿದೆ."

"ಡೊಲೊರೆಸ್, ದಯವಿಟ್ಟು ಕಳಿಸು. ಏನಾದರೂ ಆದರೆ ನಾನು ಬಲವಂತ ಮಾಡಿದೆ ಅಂತ ಹೇಳು."

ಅವನ ದನಿಯಲ್ಲಿ ಏನಿತ್ತೋ, ಅವಳು ನಂಬರು ತಿರುಗಿಸಿದಳು. ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಆಮೇಲೆ ತಾನೇ ತಾನಾಗಿ ಕಾಗದದ ಮೇಲೆ ಸ್ತಾರಾ ವೋದಾ ಪುರಸಭೆಯ ಗುರುತಿನ ಅಕ್ಷರಗಳು ಟಪಟಪನೆ ಮೂಡಿದವು. ಡೊಲೊರೆಸ್ ಅವನ ವಾಕ್ಯಗಳನ್ನು ಹೊಡೆದಳು. ಮುಗಿದ ಮೇಲೆ ಅದೇ ಗುರುತು ಇನ್ನೊಮ್ಮೆ ಮೂಡಿತು. ಪಂಚಾಕ್ಷರಿ ಆ ಅಕ್ಷರಗಳ ಮೇಲೆ ಬೆರಳಿಟ್ಟ.

"ಇದ್ದಾರೆ," ಎಂದ. "ಇನ್ನೂ ಹೋಗಿಲ್ಲ. ಉತ್ತರ ಕೊಟ್ಟರಲ್ಲ."

"ಅದು ಯಂತ್ರ ಕೊಡುವ ಉತ್ತರ," ಎಂದಳು ಡೊಲೊರೆಸ್. "ಕರೆಂಟಿದ್ದರೆ ಸಾಕು, ಅದು ಕೊಡುತ್ತದೆ. ಕೋಣೆಯಲ್ಲಿ ಯಾರಾದರೂ ಇದ್ದಾರೆ ಅಂತ ಅರ್ಥ ಅಲ್ಲ." ಹಾಗೆನ್ನುತ್ತ ತಟ್ಟೆಯಿಂದ ಒಂದು ಹಾಳೆ ತೆಗೆದು ಕೊಟ್ಟಳು. "ಅವರಿಂದಲೇ ಬೆಳಿಗ್ಗೆ ಬಂದಿತ್ತು. ಹಾಲೊರನ್ ಫೋನ್ ಮಾಡಿದಾಗ ಓದಿ ಹೇಳಿದೆ. ನಿನ್ನ ಫೈಲಿಗೆ ಹಾಕಲು ಹೇಳಿದ."

ಹಾಳೆ ಬಂದದ್ದು ಏಳೂ ನಲವತ್ತಕ್ಕೆ, ಅವನು ಸಾಲಿನಲ್ಲಿ ಕಾರಿನೊಳಗೆ ಕೂತಿದ್ದಾಗ. ಅದರಲ್ಲಿ ಹೀಗಿತ್ತು: ಹಳೆಯ ಮೇಸ್ತ್ರಿ ಒಂದನೆಯ ಗೋಡೆಗೆ ಉಳಿ ಹಾಕಲು ಒಪ್ಪಲಿಲ್ಲ. ನಿಮ್ಮ ದೃಢೀಕರಣವನ್ನು ಓದಿ ಹೇಳಿದೆವು, ಆದರೂ ಒಪ್ಪಲಿಲ್ಲ. ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಹೊಸ ತಂಡ ಗುರುವಾರ ಆ ಗೋಡೆಯಲ್ಲಿ ಮೊದಲನೆಯ ತೂತು ಕೊರೆದು ಮುಗಿಸಿದೆ. ಎರಡನೆಯ ತೂತಿಗೆ ಶನಿವಾರ ಬೆಳಿಗ್ಗೆಯೂ ಕೆಲಸ ಮಾಡುತ್ತಾರೆ. ವಿಳಂಬಕ್ಕಾಗಿ ಕ್ಷಮೆ ಇರಲಿ. ಕೆಳಗೆ ಡೊಲೊರೆಸ್ಸಿನ ದುಂಡು ಅಕ್ಷರದಲ್ಲಿ ಹಾಲೊರನ್‌ನ ಮಾತು: ಗುಡ್.

ಅವನು ಅಲ್ಲೇ ನಿಂತು ಅದನ್ನು ಮೂರು ಸಲ ಓದಿದ. ವಿಳಂಬಕ್ಕಾಗಿ ಕ್ಷಮೆ ಎಂಬಲ್ಲಿಗೆ ಬಂದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಶನಿವಾರ ಟೆಲೆಕ್ಸ್ ಕೋಣೆಗೆ ಬೀಗ, ಗೋಡೆಯ ಕೆಳಗೆ ಮಾತ್ರ ಜನ. ಓವರ್‌ಸೀಸ್ ಆಪರೇಟರಿಗೆ ಫೋನ್ ಮಾಡಿ ಮ್ಯೂಸಿಯಮ್ಮಿಗೆ ಕರೆ ಬುಕ್ ಮಾಡಿದ. ಲೈನು ಸಿಕ್ಕಾಗ ಒಂದೂವರೆ. ಅತ್ತ ಗಂಟೆ ಬಾರಿಸಿತು. ಆ ಶಬ್ದ ಗುಮ್ಮಟದ ಕೆಳಗೆ ಸುತ್ತುತ್ತಿರಬೇಕು, ಗೋಡೆಯೊಳಗಿನ ಗಡಿಗೆಗಳೆಲ್ಲ ಅದನ್ನು ದೊಡ್ಡದು ಮಾಡಿ ತೋಳಕ್ಕೆ ಕೇಳಿಸುತ್ತಿರಬೇಕು ಎಂದು ಅವನಿಗೆ ಅನ್ನಿಸಿತು. ಯಾರೂ ಎತ್ತುತ್ತಿಲ್ಲ ಸರ್ ಎಂದಳು ಆಪರೇಟರ್. ಪುರಸಭೆಗೆ ಮಾಡಿ ಎಂದ. ಅಲ್ಲೂ ಎತ್ತಲಿಲ್ಲ. ಮ್ಯೂಸಿಯಮ್ಮಿನ ಮುಖ್ಯಸ್ಥನ ಮನೆಯ ನಂಬರು ಇದೆಯೇ ಎಂದು ಅವಳು ಕೇಳಿದಳು. ಇರಲಿಲ್ಲ. ಮೇಸ್ತ್ರಿಯ ಹೆಸರೂ ಅವನಿಗೆ ಗೊತ್ತಿರಲಿಲ್ಲ. ತಾನು ಎಂದೂ ಕಾಣದ ಆ ಮನುಷ್ಯ ಫೋಟೋ ನೋಡಿರಲಿಲ್ಲ, ಗ್ಲೋಬು ನೋಡಿರಲಿಲ್ಲ. ಗೋಡೆಗೆ ಕೈ ಇಟ್ಟು ನೋಡಿದ್ದ. ಮೊದಲು ಮರ್ಯಾದೆಯಿಂದ ಕೇಳಿದ್ದ. ಅವನ ಮಾತನ್ನು ಪಂಚಾಕ್ಷರಿ ಬುತ್ತಿಯ ವಾಸನೆಯ ಕೈಯಿಂದ ಮೂರು ಪದದಲ್ಲಿ ಮುಗಿಸಿದ್ದ. ಈಗ ಅವನು ಯಾರ ಅಂಗಳದಲ್ಲಿ ಕೂತಿದ್ದಾನೋ, ಹೆಂಡತಿಗೆ ಏನೆಂದು ಹೇಳಿದ್ದಾನೋ. ಐದು ಗಂಟೆಗೆ ಪಂಚಾಕ್ಷರಿ ಹಾಲೊರನ್‌ನ ಮೇಜಿನ ಮೇಲೆ ಗುಡ್ ಎಂದಿದ್ದ ಹಾಳೆಯನ್ನಿಟ್ಟು, ಅದರ ಮೇಲೆ ತನ್ನ ಟೆಲೆಕ್ಸಿನ ಕಾರ್ಬನ್ ಪ್ರತಿಯನ್ನಿಟ್ಟ. ಇದು ನನ್ನ ತಪ್ಪು, ಮೇಸ್ತ್ರಿಯದ್ದು ಸರಿ ಎಂದು ಅಡಿಯಲ್ಲಿ ಬರೆದು ಪೂರ್ತಿ ಹೆಸರು ಹಾಕಿದ, ಪಂಚಾಕ್ಷರಿ ಎಂದು. ಧೈರ್ಯ ಮಾಡಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮಾಡಿದ್ದರೆ ಧೈರ್ಯವಾಗುತ್ತಿತ್ತು.

ಮರಳಿ ಬರುವಾಗ ಕಾರು ದಕ್ಷಿಣಕ್ಕೆ ಮುಖ ಮಾಡಿತ್ತು, ಮುಳುಗುವ ಸೂರ್ಯ ಮತ್ತೆ ಅದೇ ಬಲಗೆನ್ನೆಯ ಮೇಲೆ. ಬದರೀನಾಥರು ಬಹಳ ಹೊತ್ತು ತಮ್ಮ ಆಫೀಸಿನ ಸಂಗತಿ ಹೇಳಿ, ಕೊನೆಗೆ ತಡೆಯಲಾರದೆ, "ಸುಮ್ನಿದ್ರಿ ತಾನೆ?" ಎಂದರು.

"ಇಲ್ರಿ. ಹೇಳಿದೆ."

"ಯಾರಿಗೆ ಹೇಳಿದ್ರಿ?"

ಪಂಚಾಕ್ಷರಿ ಯೋಚಿಸಿದ. "ಮಷೀನಿಗೆ," ಎಂದ. ಬದರೀನಾಥರು ಅವನ ಮುಖ ನೋಡಿ, ರಸ್ತೆ ನೋಡಿ, ಆಮೇಲೆ ಮನೆ ಬರುವವರೆಗೂ ಒಂದು ಸಲಹೆಯನ್ನೂ ಕೊಡಲಿಲ್ಲ.

ಬಾಗಿಲು ತೆಗೆದದ್ದು ಶೈಲಾ. ವಿಜಿ ಟೀವಿಯ ಮುಂದೆ ನೆಲದ ಮೇಲೆ ಕೂತಿದ್ದಳು, ಅವನು ಅಡ್ಡ ನಿಂತನೆಂದು ಡ್ಯಾಡಿ, ಯು ಆರ್ ಇನ್ ದ ವೇ ಎಂದಳು. ಅವನು ಸರಿದು ನಿಂತ. ಎಲ್ಲಿ ನಿಂತರೂ ಯಾವುದಕ್ಕೋ ಅಡ್ಡವಾಗುತ್ತಿದ್ದೇನೆ ಅನ್ನಿಸಿತು. ಶೈಲಾ ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಅದು ಭಾರವಾಗಿತ್ತು, ಬಿಚ್ಚಿಯೇ ಇರಲಿಲ್ಲ.

"ಊಟಾ ಮಾಡೇ ಇಲ್ಲಲ್ರಿ. ಮಾರಿ ಯಾಕ ಹಿಂಗಾಗ್ಯದ? ಏನಾತ್ರಿ?"

"ಹೇಳ್ತೀನಿ," ಎಂದ ಪಂಚಾಕ್ಷರಿ.

ಅಂದ ಮೇಲೆ ಅವನಿಗೆ ತನ್ನ ದನಿ ಕೇಳಿಸಿತು. ಕಚೇರಿಯ ಬಾಗಿಲಲ್ಲಿ ದಸ್ತಗೀರಸಾಬನಿಗೆ ಅಂದದ್ದೂ ಇದೇ ಮಾತು, ಇದೇ ದನಿ. ಶೈಲಾ ಕಾಯುತ್ತ ನಿಂತಿದ್ದಳು. ಅಡಿಗೆಮನೆಯ ಗಡಿಯಾರದಲ್ಲಿ ಆರೂವರೆ. ಸ್ತಾರಾ ವೋದಾದಲ್ಲಿ ಶನಿವಾರಕ್ಕೆ ಇನ್ನು ಅರ್ಧ ಗಂಟೆ ಇತ್ತು.